ಡಬ್ಬಿಗೆಷ್ಟು, ನಕ್ಷೆಗೆಷ್ಟು

(ಒಬ್ಬ ಅರಸೀಕೆರೆ ಟ್ಯಾಕ್ಸಿ ಸ್ಟ್ಯಾಂಡಿನ ಚಾಲಕ; ಇನ್ನೊಬ್ಬರು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು.)

ಚಾಲಕ: ಮೇಷ್ಟ್ರೇ, ಒಂದು ಲೆಕ್ಕ ನಿಮ್ಮ ಹತ್ತಿರ ಬಗೆಹರಿಸಿಕೊಳ್ಳಬೇಕು. ಜಂಕ್ಷನ್ನಿನಲ್ಲಿ ಇಳಿದವರನ್ನು ಹಾರನಹಳ್ಳಿ, ಹಳೇಬೀಡು, ಬೇಲೂರು ಅಂತ ಸುತ್ತಿಸುವ ಕೆಲಸಕ್ಕೆ ದಾರಿ ತೋರಿಸುವ ಸಾಧನ ಒಂದು ಇರಲಿ ಅನ್ನಿಸಿದೆ. ಫೋನಿಗೆ ಬ್ಲೂಟೂತಿನಲ್ಲಿ ಜೋಡಿಸುವ ಜಿಪಿಎಸ್ ರಿಸೀವರ್ ಇದೆ, ಗಾಜಿಗೆ ಅಂಟಿಸುವ ಪ್ರತ್ಯೇಕ ನ್ಯಾವಿಗೇಟರ್ ಇದೆ, ವರ್ಷಕ್ಕೆ ಇಷ್ಟು ಅಂತ ಕಟ್ಟುವ ಆ್ಯಪ್‌ಗಳಿವೆ. ಡಬ್ಬಿ ಅಂದಮೇಲೆ ಸಾವಿರಗಟ್ಟಲೆ ಬೆಲೆ. ಫೋನಿನಲ್ಲೇ ಜಿಪಿಎಸ್ ಇದೆಯಲ್ಲ ಅಂದರೆ, ಅದು ಸಾಲದು, ನಿಖರವಾಗಿರುವುದಿಲ್ಲ ಅನ್ನುತ್ತಾರೆ ಮಾರುವವರು. ಯಾವುದಕ್ಕೆ ದುಡ್ಡು ಹಾಕಿದರೆ ಬಾಡಿಗೆಯಲ್ಲಿ ವಾಪಸು ಬರುತ್ತೆ?

ಮೇಷ್ಟ್ರು: ಬೆಲೆ ಕೇಳುವ ಮುಂಚೆ ತಕ್ಕಡಿಯಲ್ಲಿ ಏನಿದೆ ಅಂತ ನೋಡಬೇಕಪ್ಪ. ಜಿಪಿಎಸ್ ಅನ್ನುವ ಒಂದೇ ಮಾತಿನೊಳಗೆ ನಾವು ನಾಲ್ಕು ಬೇರೆ ಬೇರೆ ಸಾಮಾನು ತುಂಬಿಬಿಟ್ಟಿದ್ದೇವೆ. ಆಕಾಶದಿಂದ ಬರುವ ಸಂಕೇತ ಒಂದು. ಅದನ್ನು ಹಿಡಿದು ನೀನು ಎಲ್ಲಿದ್ದೀಯ ಅಂತ ಲೆಕ್ಕ ಹಾಕುವ ಚಿಪ್ ಎರಡನೆಯದು. ಆ ಜಾಗ ಯಾವ ರಸ್ತೆ, ಯಾವ ಊರು ಅಂತ ಹೇಳುವ ನಕ್ಷೆ ಮೂರನೆಯದು. ಇಲ್ಲಿಂದ ಅಲ್ಲಿಗೆ ಹೀಗೆ ಹೋಗು ಅಂತ ದಾರಿ ಕಟ್ಟಿಕೊಡುವ ಆ್ಯಪ್ ನಾಲ್ಕನೆಯದು. ಮೊದಲನೆಯದಕ್ಕೆ ಯಾರೂ ನಿನಗೆ ಬಿಲ್ ಕಳಿಸುವುದಿಲ್ಲ. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ನಾನು ಇಂಥ ಉಪಗ್ರಹ, ಇಂಥ ಕಡೆ ಇದ್ದೇನೆ, ಈಗ ಸಮಯ ಇಷ್ಟು ಅಂತ ಸಾರುತ್ತಲೇ ಇರುತ್ತವೆ. ನಿನ್ನ ಫೋನು ಅದನ್ನು ರೇಡಿಯೋ ಕೇಳಿದ ಹಾಗೆ ಕೇಳುತ್ತೆ, ಅದಕ್ಕೆ ತಿರುಗಿ ಏನೂ ಹೇಳುವುದಿಲ್ಲ. ಕೇಳುತ್ತಿರುವವರು ಯಾರು, ಎಷ್ಟು ಜನ ಅಂತ ಉಪಗ್ರಹಕ್ಕೆ ತಿಳಿಯುವುದೇ ಇಲ್ಲ. ಕಡೇಪಕ್ಷ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕಿದರೆ, ಯಾವುದು ಎಷ್ಟು ತಡವಾಗಿ ತಲುಪಿತು ಅನ್ನುವುದರಿಂದ ದೂರ ಲೆಕ್ಕ ಹಾಕಿ ಫೋನು ತನ್ನ ಜಾಗ ಕಂಡುಕೊಳ್ಳುತ್ತೆ. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ ಅದರಲ್ಲಿ ಒಂದು ಭಾಗ ಹೆಚ್ಚುಕಮ್ಮಿಯಾದರೂ ಅಳತೆ ಒಂದಡಿ ತಪ್ಪುತ್ತೆ; ಅದಕ್ಕೇ ಉಪಗ್ರಹದೊಳಗೆ ಪರಮಾಣು ಗಡಿಯಾರ ಇಟ್ಟಿರುವುದು. ಇಷ್ಟು ದುಬಾರಿ ಏರ್ಪಾಡಿನ ಖರ್ಚನ್ನು ಅಮೆರಿಕದ ತೆರಿಗೆದಾರರು ಹೊತ್ತಿದ್ದಾರೆ. ಹಾಗಾಗಿ ನೀನು ಕೊಡುವ ದುಡ್ಡೆಲ್ಲ ಉಳಿದ ಮೂರಕ್ಕೆ. ಆ ಮೂರರಲ್ಲಿ ನಿನಗೆ ಯಾವುದು ಕೊರತೆ ಅಂತ ಗೊತ್ತಾಗದೆ ಕೊಂಡರೆ, ಇರುವುದನ್ನೇ ಎರಡನೇ ಸಲ ಕೊಂಡ ಹಾಗಾಗುತ್ತೆ.

ಚಾಲಕ: ಆದರೆ ಹಿಂದೆ ಜನ ಕೊಳ್ಳುತ್ತಿದ್ದರಲ್ಲ. ಅಷ್ಟು ವರ್ಷ ಅಷ್ಟು ಕಂಪನಿಗಳು ಅದೇ ವ್ಯಾಪಾರ ಮಾಡಿಕೊಂಡು ಬದುಕಿದವಲ್ಲ.

ಮೇಷ್ಟ್ರು: ಬದುಕಿದವು, ಮತ್ತು ಆ ಕಾಲಕ್ಕೆ ಕೊಂಡವರು ತಪ್ಪು ಮಾಡಲಿಲ್ಲ. ಆ ಕಥೆಯನ್ನೇ ಸ್ವಲ್ಪ ನಿಧಾನವಾಗಿ ನೋಡು, ನಿನ್ನ ಲೆಕ್ಕಕ್ಕೆ ಬೇಕಾದ ಪುರಾವೆ ಅದರಲ್ಲೇ ಇದೆ. 1989ರಲ್ಲಿ ಮ್ಯಾಗೆಲನ್ ಕಂಪನಿ ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನವನ್ನು ಸಾಮಾನ್ಯರಿಗೆ ಮಾರಿದಾಗ ಅದರ ಬೆಲೆ ಸುಮಾರು 3,000 ಡಾಲರ್. ನಕ್ಷೆ ಇರಲಿಲ್ಲ, ಅಕ್ಷಾಂಶ ರೇಖಾಂಶದ ಅಂಕಿ ಬರುತ್ತಿತ್ತು, ಕಾಗದದ ನಕ್ಷೆಯ ಮೇಲೆ ನೀನೇ ಗುರುತು ಮಾಡಿಕೊಳ್ಳಬೇಕು. ಅದರ ಮೇಲೆ, ಸೈನ್ಯದ ಕಾರಣಕ್ಕೆ ಸಾಮಾನ್ಯರಿಗೆ ಬರುವ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ತೋರಿಸಿದ ಜಾಗ ನೂರು ಮೀಟರಿನಷ್ಟು ಆಚೀಚೆ ಆಗುವುದಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅಂದು ಜಗತ್ತಿನ ಎಲ್ಲ ಹಳೇ ರಿಸೀವರುಗಳೂ ರಾತ್ರೋರಾತ್ರಿ ಹಲವು ಪಟ್ಟು ಚುರುಕಾದವು, ಒಂದು ಪೈಸೆ ಖರ್ಚಿಲ್ಲದೆ. ನಿಖರತೆ ಒಂದೇ ದಿನದಲ್ಲಿ ಅಷ್ಟು ಸುಧಾರಿಸಿದ್ದು ಅಂಗಡಿಯಲ್ಲಿ ಕೊಂಡ ಯಾವ ಡಬ್ಬಿಯಿಂದಲೂ ಅಲ್ಲ ಅನ್ನುವುದನ್ನು ನೆನಪಿಟ್ಟುಕೋ.

ಆಮೇಲೆ ಪಾಮ್‌ಟಾಪ್‌ಗಳ ಕಾಲ ಬಂತು. ಹ್ಯಾಂಡ್‌ಸ್ಪ್ರಿಂಗ್ ವೈಸರ್ ಅಂತ ಒಂದು ಕೈಗಣಕ, ಅದರ ಬೆನ್ನಿನಲ್ಲಿ ಒಂದು ಗೂಡು. ಆ ಗೂಡಿಗೆ ಕೂರಿಸುವ ಜಿಪಿಎಸ್ ಬಿಲ್ಲೆಯನ್ನು ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. ಕಾಂಪ್ಯಾಕ್ ಐಪ್ಯಾಕ್‌ಗೆ ಸಿಕ್ಕಿಸುವ ಕಾರ್ಡು, ಅದಾದಮೇಲೆ ಜೇಬಿನಲ್ಲಿಟ್ಟುಕೊಳ್ಳುವ ಬ್ಲೂಟೂತ್ ರಿಸೀವರು. ಸಾಧನಕ್ಕೊಂದು ಬೆಲೆ, ಬಿಲ್ಲೆಗೊಂದು ಬೆಲೆ, ನಕ್ಷೆಯ ಸಿ.ಡಿ.ಗೆ ಇನ್ನೊಂದು ಬೆಲೆ, ನಕ್ಷೆ ಹಳತಾದರೆ ಮತ್ತೆ ಬೆಲೆ. ನಮ್ಮ ದೇಶದಲ್ಲಿ ದಿಲ್ಲಿಯ ಮ್ಯಾಪ್‌ಮೈಇಂಡಿಯಾದವರು 1995ರಿಂದ ಡಿಜಿಟಲ್ ನಕ್ಷೆ ಕಟ್ಟುತ್ತಾ ಬಂದರು, ಹೈದರಾಬಾದಿನಿಂದ ಸ್ಯಾಟ್‌ಗೈಡ್ ಬಂತು. ಬೀದಿ ಬೀದಿ ಓಡಾಡಿ, ಒನ್‌ವೇ ಯಾವುದು, ತಿರುವು ಎಲ್ಲಿ ಅಂತ ಬರೆದುಕೊಂಡು ಬರುವ ಕೆಲಸ ಅದು. ನಿಜವಾದ ಖರ್ಚು, ನಿಜವಾದ ದುಡಿಮೆ ಅಲ್ಲಿತ್ತು. 2007ರಲ್ಲಿ ನೋಕಿಯಾ ಎನ್95 ಫೋನಿನೊಳಗೇ ಜಿಪಿಎಸ್ ಬಂತು. ತಿರುವು ತಿರುವಿಗೆ ದನಿಯಲ್ಲಿ ದಾರಿ ಹೇಳಬೇಕಾದರೆ ಮಾತ್ರ ಚಂದಾ ಕಟ್ಟಬೇಕಿತ್ತು. 2009ರ ಅಕ್ಟೋಬರಿನಲ್ಲಿ ಗೂಗಲ್ ಅದನ್ನು ಅಮೆರಿಕದಲ್ಲಿ ಪುಕ್ಕಟೆ ಕೊಡುತ್ತೇವೆ ಅಂದ ದಿನ ಗಾರ್ಮಿನ್, ಟಾಮ್‌ಟಾಮ್ ಕಂಪನಿಗಳ ಷೇರು ಕುಸಿದವು. ಮೂರು ತಿಂಗಳಲ್ಲಿ, 2010ರ ಜನವರಿಯಲ್ಲಿ, ನೋಕಿಯಾ ಕೂಡ ಶುಲ್ಕ ತೆಗೆದುಹಾಕಿತು. ಇಪ್ಪತ್ತು ವರ್ಷದಲ್ಲಿ 3,000 ಡಾಲರಿನ ಸಾಮಾನು ಫೋನಿನೊಳಗೆ ಹೇಳಹೆಸರಿಲ್ಲದ ಒಂದು ಚಿಪ್ ಆಗಿ ಅಡಗಿತು. ಅದನ್ನು ಇವತ್ತು ಮತ್ತೆ ಹೊರಗೆ ತೆಗೆದು, ಡಬ್ಬಿಯಲ್ಲಿಟ್ಟು, ಬೇರೆ ಬೆಲೆ ಹಾಕಿ ಕೊಡುತ್ತೇವೆ ಅನ್ನುವವರಿಗೆ ನೀನು ಕೇಳಬೇಕಾದ ಪ್ರಶ್ನೆ ಒಂದೇ: ಇದು ನನ್ನ ಫೋನಿನಲ್ಲಿ ಇಲ್ಲದ ಏನನ್ನು ಕೊಡುತ್ತೆ?

ಚಾಲಕ: ಅದಕ್ಕೆ ಅವರ ಹತ್ತಿರ ಉತ್ತರ ಇದೆ, ಮೇಷ್ಟ್ರೇ. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದರೆ ನೆಟ್‌ವರ್ಕ್ ಹೋಗುತ್ತೆ, ನೆಟ್‌ವರ್ಕ್ ಹೋದರೆ ಫೋನಿನ ಜಿಪಿಎಸ್ಸೂ ಹೋಗುತ್ತೆ, ನಮ್ಮದು ಹಾಗಲ್ಲ ಅನ್ನುತ್ತಾರೆ. ನೆಟ್‌ವರ್ಕ್ ಇಲ್ಲದ ಕಡೆ ನೀಲಿ ಚುಕ್ಕೆ ಅಲ್ಲೇ ನಿಂತುಬಿಡುವುದಂತೂ ನಿಜ.

ಮೇಷ್ಟ್ರು: ಇಲ್ಲಿ ಎರಡು ಕಾಯಿಲೆ ಸೇರಿಕೊಂಡಿವೆ, ಎರಡಕ್ಕೂ ಔಷಧಿ ಬೇರೆ. ಉಪಗ್ರಹ ತಾನು ಎಲ್ಲಿದ್ದೇನೆ ಅನ್ನುವ ವಿವರವನ್ನು ಬಹಳ ನಿಧಾನವಾಗಿ ಕಳಿಸುತ್ತೆ, ಸೆಕೆಂಡಿಗೆ 50 ಬಿಟ್. ಒಂದು ಉಪಗ್ರಹದ ವಿವರ ಪೂರ್ತಿ ಕೇಳಿಸಿಕೊಳ್ಳುವುದಕ್ಕೆ ಅರ್ಧ ನಿಮಿಷ ಬೇಕು, ಇಡೀ ಗುಂಪಿನ ಪಂಚಾಂಗ ಬರುವುದಕ್ಕೆ ಹನ್ನೆರಡೂವರೆ ನಿಮಿಷ. ನೆಟ್‌ವರ್ಕ್ ಇದ್ದಾಗ ಫೋನು ಅದನ್ನು ಇಂಟರ್‌ನೆಟ್ಟಿನಿಂದ ಮೊದಲೇ ತಂದುಕೊಂಡು ಕ್ಷಣದಲ್ಲಿ ಜಾಗ ಹೇಳುತ್ತೆ. ಇಲ್ಲದಾಗ ಆಕಾಶದಿಂದಲೇ ಕೇಳಿಸಿಕೊಳ್ಳಬೇಕು, ತಡವಾಗುತ್ತೆ, ಅಷ್ಟೇ. ಚಿಪ್ ಸತ್ತಿರುವುದಿಲ್ಲ. ಕಾರು ನಿಲ್ಲಿಸಿ ತೆಂಗಿನ ಮರಗಳ ಕೆಳಗಿಂದ ಬಯಲಿಗೆ ಬಂದು ಒಂದೆರಡು ನಿಮಿಷ ಕಾದರೆ ಚುಕ್ಕೆ ಸರಿಹೋಗುತ್ತೆ. ಎರಡನೇ ಕಾಯಿಲೆ ನಕ್ಷೆಯದು. ನೀನು ಹೋಗುವ ಕಡೆಯ ನಕ್ಷೆ ಫೋನಿನಲ್ಲಿ ಇಲ್ಲ, ಆಗಾಗ ಇಂಟರ್‌ನೆಟ್ಟಿನಿಂದ ಬರುತ್ತಿದೆ. ಅದು ನಿಂತಾಗ ಚುಕ್ಕೆಯ ಸುತ್ತ ಖಾಲಿ ಜಾಗ ಕಾಣುತ್ತೆ. ಹೊರಡುವ ಹಿಂದಿನ ರಾತ್ರಿ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಂಡರೆ ಆ ಕಾಯಿಲೆ ಮುಗಿಯಿತು. ಗೂಗಲ್ ನಕ್ಷೆಯಲ್ಲಿ ಇದಕ್ಕೆ ದುಡ್ಡಿಲ್ಲ, ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲೂ ಇಲ್ಲ. ಪ್ರತ್ಯೇಕ ನ್ಯಾವಿಗೇಟರಿನ ಮುಖ್ಯ ಗುಣ ನಕ್ಷೆ ಅದರ ಹೊಟ್ಟೆಯಲ್ಲೇ ಇರುತ್ತೆ ಅನ್ನುವುದು. ಅದೇ ಗುಣ ಫೋನಿಗೆ ಬಂದಮೇಲೆ ಅದಕ್ಕೆ ಸಾವಿರಾರು ರೂಪಾಯಿ ಕೊಡುವುದು ನ್ಯಾಯವಲ್ಲ.

ಚಾಲಕ: ಸರಿ, ನಿಖರತೆ? ಬ್ಲೂಟೂತ್ ರಿಸೀವರಿನವರು ಒತ್ತಿ ಹೇಳುವುದು ಅದನ್ನೇ.

ಮೇಷ್ಟ್ರು: ಬಯಲಿನಲ್ಲಿ ಸಾಧಾರಣ ಸ್ಮಾರ್ಟ್‌ಫೋನು ಐದು ಮೀಟರಿನ ಒಳಗೆ ಜಾಗ ತೋರಿಸುತ್ತೆ ಅಂತ ಜಿಪಿಎಸ್ ನಡೆಸುವ ಅಮೆರಿಕ ಸರ್ಕಾರವೇ ಹೇಳುತ್ತೆ. ಒಳ್ಳೆಯ ರಿಸೀವರ್ ಅದನ್ನು ಎರಡು-ಮೂರು ಮೀಟರಿಗೆ ಇಳಿಸೀತು. ಆ ಎರಡು ಮೀಟರ್ ನಿನ್ನ ಕೆಲಸದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ ಹೇಳು. ರಸ್ತೆ ಕವಲೊಡೆಯುವ ಕಡೆ ಐದು ಮೀಟರ್ ಸಾಕು. ದೇವಸ್ಥಾನದ ಮುಂದೆ ಕಾರು ನಿಲ್ಲಿಸುವುದಕ್ಕೆ ಐವತ್ತು ಮೀಟರ್ ಆಚೀಚೆ ಆದರೂ ಹೊಯ್ಸಳ ಗುಡಿ ಕಣ್ಣಿಗೆ ಬೀಳುತ್ತೆ. ಹೊರಗಿನ ಯಾತ್ರಿಕ ಹಾರನಹಳ್ಳಿಗೆ ತಲುಪದೆ ಹೋದರೆ ಅದು ಎರಡು ಮೀಟರಿನ ತಪ್ಪಾಗಿರುವುದಿಲ್ಲ, ಬಹಳ ಸಲ ನೂರು ಕಿಲೋಮೀಟರಿಗೂ ಮಿಕ್ಕಿದ ತಪ್ಪಾಗಿರುತ್ತೆ. ಹಾರನಹಳ್ಳಿ ಒಂದೇ ಅಲ್ಲವಲ್ಲ. ನಮ್ಮದು ಅರಸೀಕೆರೆ ತಾಲ್ಲೂಕಿನದು. ಶಿವಮೊಗ್ಗ ತಾಲ್ಲೂಕಿನಲ್ಲಿ ಇನ್ನೊಂದಿದೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹಾರನಹಳ್ಳಿ ಅಂತ ಒಂದು ಹೋಬಳಿಯೇ ಇದೆ. ಬೆಳವಾಡಿಯದೂ ಇದೇ ಪಾಡು: ವೀರನಾರಾಯಣ ಗುಡಿಯಿರುವ ಬೆಳವಾಡಿ ಹಳೇಬೀಡಿನ ಪಕ್ಕದಲ್ಲಿ, ಮಲ್ಲಮ್ಮನ ಬೆಳವಾಡಿ ಬೆಳಗಾವಿ ಜಿಲ್ಲೆಯಲ್ಲಿ. ಮೇಲಾಗಿ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದಾಗ ಹಾರನಹಳ್ಳಿಯ ದೀರ್ಘ ಹಾರಿಹೋಗಿ ಹರನಹಳ್ಳಿಯಾಗುತ್ತೆ, ಒಮ್ಮೊಮ್ಮೆ ನಡುವಿನ ಅಕಾರವೂ ಬಿದ್ದು ಹರ್ನಹಳ್ಳಿಯಾಗುತ್ತೆ. ಒಳಗಿರುವ ಗುಡಿಗೂ ಹೆಸರು ಎರಡು: ಲಕ್ಷ್ಮೀನರಸಿಂಹ ಅಂತ ಕೆಲವರು, ಚನ್ನಕೇಶವ ಅಂತ ಕೆಲವರು. ಹುಡುಕುವ ಪೆಟ್ಟಿಗೆಯಲ್ಲಿ ತಪ್ಪು ಊರು ಆರಿಸಿಕೊಂಡವನನ್ನು ಅತ್ಯಂತ ನಿಖರವಾದ ರಿಸೀವರು ಅತ್ಯಂತ ನಿಖರವಾಗಿ ತಪ್ಪು ಊರಿಗೇ ಕರೆದುಕೊಂಡು ಹೋಗುತ್ತೆ.

ನಕ್ಷೆಯ ತಪ್ಪಿಗೆ ಬೆಲೆ ಬರೀ ಡೀಸೆಲ್ಲಿನಲ್ಲಿ ಮುಗಿಯುವುದೂ ಇಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಒಂದು ಕಾರು ಅರ್ಧಕ್ಕೇ ನಿಂತ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅವರು ಫೋನಿನ ನಕ್ಷೆ ನಂಬಿಕೊಂಡು ಬಂದಿದ್ದರು ಅಂತ ಪತ್ರಿಕೆಗಳು ಬರೆದವು. ಅಂದು ಉಪಗ್ರಹ ತಪ್ಪು ಹೇಳಲಿಲ್ಲ. ಕಾರು ಎಲ್ಲಿತ್ತೋ ಅಲ್ಲೇ ಇತ್ತು. ನಕ್ಷೆಯಲ್ಲಿ ಇದ್ದ ಸೇತುವೆ ನೆಲದ ಮೇಲೆ ಇರಲಿಲ್ಲ, ರಸ್ತೆಗೆ ಅಡ್ಡಗಟ್ಟೆಯೂ ಇರಲಿಲ್ಲ. ಅಲ್ಲಿ ಹತ್ತು ಸಾವಿರದ ರಿಸೀವರ್ ಇದ್ದಿದ್ದರೆ ಏನು ಬದಲಾಗುತ್ತಿತ್ತು?

ಚಾಲಕ: ಏನೂ ಇಲ್ಲ. ಆದರೂ ಲೆಕ್ಕದಲ್ಲೇ ಕೇಳುತ್ತೇನೆ. ಒಂಬತ್ತು ಸಾವಿರದ್ದು ಕೊಂಡೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ನೂರು ಟ್ರಿಪ್, ಮೂರು ವರ್ಷ ಬಾಳಿಕೆ. ಟ್ರಿಪ್ಪಿಗೆ ಮೂವತ್ತು ರೂಪಾಯಿ ಬಿತ್ತು. ಐದು ಕಿಲೋಮೀಟರ್ ತಪ್ಪಿ ಹೋಗಿ ವಾಪಸು ಬಂದರೆ ಹತ್ತು ಕಿಲೋಮೀಟರ್, ಅರ್ಧ ಲೀಟರ್ ಡೀಸೆಲ್, ನಲವತ್ತೈದು ರೂಪಾಯಿ. ಮೂರು ಟ್ರಿಪ್ಪಿನಲ್ಲಿ ಎರಡು ಸಲ ಅಂಥ ತಪ್ಪು ತಪ್ಪಿಸಿದರೆ ದುಡ್ಡು ವಸೂಲಾದ ಹಾಗೆ. ಇದರಲ್ಲಿ ತಪ್ಪೇನಿದೆ?

ಮೇಷ್ಟ್ರು: ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ವರ್ಷಕ್ಕೆ ನೂರು ಸಲ ಅದೇ ರಸ್ತೆಯಲ್ಲಿ ಓಡಾಡುವವನು ಮೂರರಲ್ಲಿ ಎರಡು ಸಲ ದಾರಿ ತಪ್ಪುತ್ತಾನೆಯೇ? ಅರಸೀಕೆರೆಯಿಂದ ಹಾಸನದ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಆಸುಪಾಸು ಹಾರನಹಳ್ಳಿ. ಹಳೇಬೀಡಿನಿಂದ ಬೇಲೂರಿಗೆ ಹದಿನಾರು. ಹತ್ತನೇ ಟ್ರಿಪ್ಪಿನ ಹೊತ್ತಿಗೆ ಆ ದಾರಿ ನಿನ್ನ ಕೈಕಾಲಿಗೆ ಬಂದಿರುತ್ತೆ. ಈಗ ಬೆಂಗಳೂರಿನಿಂದ ವರ್ಷಕ್ಕೆ ಎರಡು ಸಲ ಸ್ವಂತ ಕಾರಿನಲ್ಲಿ ಬರುವ ಕುಟುಂಬವನ್ನು ತೆಗೆದುಕೋ. ಅವರು ಪ್ರತಿ ಸಲವೂ ತಪ್ಪಬಹುದು, ಸಾಧನ ಪ್ರತಿ ಸಲವೂ ನೆರವಾಗಬಹುದು. ಆದರೆ ಮೂರು ವರ್ಷಕ್ಕೆ ಆರೇ ಟ್ರಿಪ್, ಟ್ರಿಪ್ಪಿಗೆ ಸಾವಿರದ ಐನೂರು ರೂಪಾಯಿ. ಈ ಸಾಧನದ ಅರ್ಥಶಾಸ್ತ್ರದ ಒಳಗುಟ್ಟು ಇದೇ: ಯಾರಿಗೆ ಅದು ತುಂಬ ಬೇಕೋ ಅವರು ಅಪರೂಪಕ್ಕೆ ಬಳಸುತ್ತಾರೆ, ದಿನಾ ಬಳಸುವವರಿಗೆ ಅದು ಬೇಕಾಗುವುದೇ ಇಲ್ಲ. ನಡುವೆ ನಿಲ್ಲುವವರು, ಅಂದರೆ ದಿನಾ ಹೊಸ ಹೊಸ ವಿಳಾಸಕ್ಕೆ ಸಾಮಾನು ಮುಟ್ಟಿಸುವವರು, ಅವರಿಗೆ ಫೋನೇ ಸಾಕಾಗಿದೆ ಅನ್ನುವುದು ಕಣ್ಣೆದುರಿಗೇ ಇದೆ.

ನಿನ್ನ ಫೋನಿಗೆ ನಿಜವಾಗಿ ಬೇಕಾದದ್ದು ಗಾಜಿನ ಹತ್ತಿರ ಭದ್ರವಾಗಿ ಹಿಡಿಯುವ ಒಂದು ಸ್ಟ್ಯಾಂಡು, ಒಂದು ಒಳ್ಳೆಯ ಚಾರ್ಜರು. ಕೆಲವು ನೂರು ರೂಪಾಯಿಯ ಮಾತು. ಅದು ಕಾನೂನಿನ ಮಾತೂ ಹೌದು. 2020ರ ಅಕ್ಟೋಬರಿನಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ, ಗಾಡಿ ಓಡಿಸುವಾಗ ಕೈಫೋನನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕದಡದ ಹಾಗೆ, ಬಳಸಬಹುದು ಅನ್ನುತ್ತೆ. ತೊಡೆಯ ಮೇಲೆ ಫೋನಿಟ್ಟುಕೊಂಡು ಬಗ್ಗಿ ಬಗ್ಗಿ ನೋಡುವುದಕ್ಕಿಂತ ಆ ಸ್ಟ್ಯಾಂಡಿಗೆ ಕೊಡುವ ದುಡ್ಡಿನಲ್ಲಿ ನಿನ್ನ ಜೀವದ, ಹಿಂದೆ ಕೂತವರ ಜೀವದ ಲೆಕ್ಕವಿದೆ. 2018ರಿಂದ ಗೂಗಲ್ ನಕ್ಷೆ ಕನ್ನಡದಲ್ಲೂ ದನಿಯಲ್ಲಿ ದಾರಿ ಹೇಳುತ್ತೆ. ಕಿವಿಗೆ ಕೆಲಸ ಕೊಡು, ಕಣ್ಣು ರಸ್ತೆಯ ಮೇಲಿರಲಿ.

ಚಾಲಕ: ನಮ್ಮ ಹಳದಿ ಬೋರ್ಡಿನ ಗಾಡಿಗಳಿಗೆ ಸರ್ಕಾರವೇ ಜಿಪಿಎಸ್ ಹಾಕಿಸಿ ಅಂದಿದೆಯಲ್ಲ ಮೇಷ್ಟ್ರೇ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿಯೂ ಅದು ದಾರಿ ತೋರಿಸುವುದಿಲ್ಲ. ಹಾಗಾದರೆ ಅದೂ ದಂಡವೇ?

ಮೇಷ್ಟ್ರು: ದಂಡ ಅನ್ನುವುದಿಲ್ಲ, ಆದರೆ ನೀನು ಕೇಳಿದ್ದು ಒಳ್ಳೆಯದಾಯಿತು. ಹೆಸರು ಒಂದೇ ಆದರೆ ಸಾಮಾನು ಬೇರೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಕರ್ನಾಟಕ ಸರ್ಕಾರ 2023ರಲ್ಲಿ ಜಾಡು ಹಿಡಿಯುವ ಸಾಧನಕ್ಕೂ ತುರ್ತು ಗುಂಡಿಗೂ ಸೇರಿ ತೆರಿಗೆ ಬಿಟ್ಟು 7,599 ರೂಪಾಯಿ ದರ ಗೊತ್ತುಮಾಡಿತು. ಅದು ನಿನಗೆ ದಾರಿ ಹೇಳುವುದಕ್ಕಲ್ಲ, ನೀನು ಎಲ್ಲಿದ್ದೀಯ ಅಂತ ನಿಯಂತ್ರಣ ಕೇಂದ್ರಕ್ಕೆ ಹೇಳುವುದಕ್ಕೆ ಇರುವುದು. ಅಪಾಯದಲ್ಲಿ ಸಿಕ್ಕಿದ ಪ್ರಯಾಣಿಕಳು ಗುಂಡಿ ಒತ್ತಿದಾಗ ಗಾಡಿಯ ಜಾಗ ತಿಳಿಯಬೇಕು. ಆ ಉದ್ದೇಶ ದೊಡ್ಡದು. ಆದರೆ ಇಲ್ಲಿಯೂ ಬೆಲೆಯ ಪ್ರಶ್ನೆ ಡಬ್ಬಿಯಲ್ಲಿಲ್ಲ. ಗುಂಡಿ ಒತ್ತಿದರೆ ಆ ಕಡೆ ಎಚ್ಚರವಾಗಿರುವವರು ಇದ್ದಾರೆಯೇ, ಎಷ್ಟು ನಿಮಿಷದಲ್ಲಿ ಜೀಪು ಬರುತ್ತೆ ಅನ್ನುವುದರಲ್ಲಿದೆ. ಆ ಏರ್ಪಾಡು ಗಟ್ಟಿಯಾಗಿದ್ದರೆ ಈ ಬೆಲೆ ನ್ಯಾಯ. ಇಲ್ಲದಿದ್ದರೆ ಚಾಲಕನ ಜೇಬಿನಿಂದ ಹೋದ ದುಡ್ಡು ಯಾರಿಗೂ ಆಗಲಿಲ್ಲ ಅಂತಲೇ ಅರ್ಥ. ಡ್ರೈವರುಗಳು ಖರ್ಚಿನ ವಿಷಯದಲ್ಲಿ ತಕರಾರು ಎತ್ತುವುದು ನನಗೆ ತಪ್ಪಾಗಿ ಕಾಣುವುದಿಲ್ಲ. ಕೊಟ್ಟ ದುಡ್ಡಿಗೆ ಪ್ರತಿಯಾಗಿ ಏನು ನಡೆಯುತ್ತೆ ಅಂತ ತಿಳಿಯುವ ಹಕ್ಕು ಕೊಟ್ಟವನಿಗಿದೆ.

ಆ ಡಬ್ಬಿ ನಮ್ಮ ದೇಶದ್ದೇ ಆದ ನಾವಿಕ್ ಉಪಗ್ರಹಗಳ ಸಂಕೇತವನ್ನೂ ಹಿಡಿಯಬೇಕು ಅಂತ ನಿಯಮವಿದೆ. ಕಾರ್ಗಿಲ್ ಯುದ್ಧದ ಅನುಭವದ ಮೇಲೆ, ಪರದೇಶದ ಉಪಗ್ರಹವನ್ನೇ ನಂಬಿಕೊಂಡಿರಬಾರದು ಅನ್ನುವ ಯೋಚನೆ ಗಟ್ಟಿಯಾಯಿತು; 2013ರ ಜುಲೈನಲ್ಲಿ ಮೊದಲ ಉಪಗ್ರಹ ಹೋಯಿತು, 2016ರ ಏಪ್ರಿಲ್‌ನಲ್ಲಿ ಏಳನೆಯದು. ಅವುಗಳ ಮೇಲ್ವಿಚಾರಣೆ ನಡೆಯುವ ಇಸ್ರೋ ಕೇಂದ್ರಗಳಲ್ಲಿ ಒಂದು, ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಹಾರನಹಳ್ಳಿಯಿಂದ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿದೆ. ಆ ಏಳರಲ್ಲಿ ಹಲವಕ್ಕೆ ಪರಮಾಣು ಗಡಿಯಾರ ಕೆಟ್ಟ ತೊಂದರೆ ಬಂತು. ಬದಲಿಗೆ ಕಳಿಸಿದ ಒಂದು ಉಪಗ್ರಹ 2017ರಲ್ಲಿ ರಾಕೆಟ್ಟಿನ ಶಾಖಕವಚ ಕಳಚದೆ ಒಳಗೇ ಉಳಿಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ, ಜಿಪಿಎಸ್ ಬಳಸುವ ತರಂಗಾಂತರದಲ್ಲೇ ನಾವಿಕ್ ಕೂಡ ಮಾತಾಡತೊಡಗಿತು. ಅಗ್ಗದ ಚಿಪ್‌ಗಳಿಗೆ ಅದನ್ನು ಹಿಡಿಯುವುದು ಸುಲಭವಾಗುವ ದಾರಿ ಅದು. ಈಗಿನ ಫೋನಿನ ಚಿಪ್ ರಷ್ಯಾದ್ದು, ಯುರೋಪಿನದು, ಚೀನಾದ್ದು, ಎಲ್ಲ ಸಂಕೇತಗಳನ್ನೂ ಒಟ್ಟಿಗೆ ಕೇಳಬಲ್ಲದು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ನಡೆಸುವ ಗಗನ್ ಅನ್ನುವ ತಿದ್ದುಪಡಿ ಸಂಕೇತಕ್ಕೂ ದುಡ್ಡಿಲ್ಲ. ಅಂದಮೇಲೆ ನಾವಿಕ್ ಇದೆ, ಅದಕ್ಕೆ ಬೆಲೆ ಜಾಸ್ತಿ ಅಂತ ಯಾರಾದರೂ ಅಂದರೆ ನೀನು ಅದನ್ನು ಒಪ್ಪಬೇಕಿಲ್ಲ. ಅದರ ಬೆಲೆಯನ್ನು ನಾವು ತೆರಿಗೆಯಲ್ಲಿ ಆಗಲೇ ಕೊಟ್ಟಾಗಿದೆ.

ಚಾಲಕ: ಪುಕ್ಕಟೆ ಅನ್ನುತ್ತೀರಿ. ಪುಕ್ಕಟೆ ಕೊಡುವವರು ನಾವು ಎಲ್ಲಿ ಹೋದೆವು, ಎಲ್ಲಿ ಊಟ ಮಾಡಿದೆವು ಅಂತ ಎಲ್ಲ ಬರೆದಿಟ್ಟುಕೊಳ್ಳುತ್ತಾರಂತೆ. ಅದು ಬೆಲೆಯಲ್ಲವೇ?

ಮೇಷ್ಟ್ರು: ಬೆಲೆಯೇ. ಇದುವರೆಗೆ ನೀನು ಎತ್ತಿದ ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು ಇದು, ನಾನು ಇದನ್ನು ತಳ್ಳಿಹಾಕುವುದಿಲ್ಲ. ನಕ್ಷೆ ಕಟ್ಟುವುದಕ್ಕೆ, ದಿನಾ ತಿದ್ದುವುದಕ್ಕೆ ಕೋಟಿಗಟ್ಟಲೆ ಖರ್ಚಿದೆ. ಅದನ್ನು ಜಾಹೀರಾತಿನಿಂದ ತೆಗೆಯುತ್ತಾರೆ, ಜಾಹೀರಾತಿಗೆ ನಮ್ಮ ಓಡಾಟದ ವಿವರ ಬೇಕು. ಒಪ್ಪದವರು ಫೋನಿನಲ್ಲಿ ಜಾಡಿನ ದಾಖಲೆ ನಿಲ್ಲಿಸಬಹುದು, ಇಲ್ಲವೇ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್ ಬಳಸಬಹುದು. 2004ರಲ್ಲಿ ಶುರುವಾದ ಆ ನಕ್ಷೆಯನ್ನು ಕಟ್ಟುತ್ತಿರುವವರು ಜಗತ್ತಿನಾದ್ಯಂತ ಇರುವ ಸಾಮಾನ್ಯ ಜನ. ಅದನ್ನು ಫೋನಿಗೆ ಇಳಿಸಿಕೊಂಡರೆ ನೀನು ಎಲ್ಲಿದ್ದೀಯ ಅಂತ ಯಾರಿಗೂ ಹೇಳದೆ ದಾರಿ ನೋಡಬಹುದು. ಬೇರೆ ಡಬ್ಬಿ ಕೊಂಡರೂ ಈ ಚಿಂತೆ ತಾನಾಗಿ ಹೋಗುವುದಿಲ್ಲ: ಬ್ಲೂಟೂತ್ ರಿಸೀವರ್ ಜಾಗವನ್ನು ನಿನ್ನ ಫೋನಿಗೇ ಕೊಡುತ್ತೆ, ಫೋನಿನ ಆ್ಯಪ್ ಮುಂಚಿನಂತೆಯೇ ಅದನ್ನು ಕಳಿಸುತ್ತೆ.

ಚಾಲಕ: ಹಾಗಾದರೆ ಯಾರೂ ಯಾವತ್ತೂ ಕೊಳ್ಳಬೇಕಾಗಿಲ್ಲವೇ?

ಮೇಷ್ಟ್ರು: ಕೊಳ್ಳಬೇಕಾದವರು ಇದ್ದಾರೆ. ಐಪ್ಯಾಡ್ ನೋಡು. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ಪೇ ಇಲ್ಲ, ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇದೆ. 2010ರಲ್ಲಿ ಅದು ಬಂದಾಗ ಎರಡರ ನಡುವೆ 130 ಡಾಲರ್ ವ್ಯತ್ಯಾಸವಿತ್ತು, 499ಕ್ಕೆ ಒಂದು, 629ಕ್ಕೆ ಇನ್ನೊಂದು. ವೈಫೈ ಮಾದರಿ ಕೊಂಡು ಆಮೇಲೆ ನಕ್ಷೆ ಬೇಕಾದವರಿಗೆ ಹೊರಗಿನ ರಿಸೀವರ್ ಕೊಳ್ಳುವುದು ಬಿಟ್ಟರೆ, ಪಕ್ಕದ ಫೋನಿನ ಆಸರೆ ಪಡೆಯುವುದೊಂದೇ ದಾರಿ. ಅದಕ್ಕೇ ಮೊದಲೇ ಯೋಚಿಸಿ ಕೊಳ್ಳುವುದು ಅಗ್ಗ. ಇನ್ನು ಭೂಮಾಪಕರು. ಎರಡು ಜಮೀನಿನ ನಡುವಿನ ಬದು ಹಿಡಿಯುವವರಿಗೆ ಐದು ಮೀಟರ್ ತಪ್ಪು ಅಂದರೆ ಅಣ್ಣತಮ್ಮಂದಿರ ನಡುವೆ ಕೋರ್ಟು ಕಚೇರಿ. ಅವರು ಬಳಸುವ ರೋವರ್ ಅನ್ನುವ ಉಪಕರಣ ನೆಲದ ಮೇಲಿನ ಕೇಂದ್ರಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಮಟ್ಟಕ್ಕೆ ಬರುತ್ತೆ. ಅದಕ್ಕೆ ಲಕ್ಷದ ಬೆಲೆಯಾದರೂ ಅದು ಯೋಗ್ಯವೇ. ರೈತ ತಾನು ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ಸುಮ್ಮನೆ ತಿಳಿಯಬೇಕಾದರೆ ರಾಜ್ಯದ ದಿಶಾಂಕ್ ಆ್ಯಪ್ ಇದೆ, ಪುಕ್ಕಟೆ. ಅದರ ಗೆರೆ ಹಿಡಿದು ಬೇಲಿ ಹಾಕುವುದಕ್ಕೆ ಮಾತ್ರ ಹೋಗಬಾರದು. ಪಶ್ಚಿಮ ಘಟ್ಟದಲ್ಲಿ ದಿನಗಟ್ಟಲೆ ಚಾರಣ ಮಾಡುವವರಿಗೆ ಮಳೆಗೆ ನೆನೆದರೂ ಕೆಡದ, ಶೆಲ್ ಬದಲಾಯಿಸಬಹುದಾದ ಕೈಸಾಧನ ಪ್ರಾಣ ಉಳಿಸುವ ವಸ್ತು. ಅವರಿಗೆ ಒಂದು ಎಚ್ಚರಿಕೆ: ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಕ್ಕೆ ನಮ್ಮ ದೇಶದಲ್ಲಿ ಅನುಮತಿ ಬೇಕು, ಪರದೇಶದಿಂದ ತಂದು ಸುಮ್ಮನೆ ಬಳಸಿದರೆ ಪೊಲೀಸ್ ಕೇಸಾಗುತ್ತೆ.

ಇವರೆಲ್ಲರಲ್ಲೂ ಒಂದು ಸಾಮ್ಯ ಇದೆ. ತಮ್ಮ ಕೊರತೆ ಚಿಪ್ಪಿನದು ಅಂತ ಅವರಿಗೆ ಖಚಿತವಾಗಿ ಗೊತ್ತು. ಹಾರನಹಳ್ಳಿಯ ಕೊರತೆ ನಕ್ಷೆಯದು, ಹೆಸರಿನದು, ಫಲಕದ್ದು. ಅದನ್ನು ಒಬ್ಬೊಬ್ಬ ಯಾತ್ರಿಕನೂ ತನ್ನ ತನ್ನ ಜೇಬಿನಿಂದ ಸಾಧನ ಕೊಂಡು ತುಂಬಿಕೊಳ್ಳಲಿ ಅನ್ನುವುದು ಎಲ್ಲಕ್ಕಿಂತ ದುಬಾರಿ ದಾರಿ, ಮತ್ತು ಅಷ್ಟು ಮಾಡಿಯೂ ಕೊರತೆ ತುಂಬುವುದಿಲ್ಲ. ಊರಿನ ಕಡೆಯಿಂದ ಒಂದು ಸಲ ಸರಿಪಡಿಸಿದರೆ ಸಾವಿರ ಫೋನಿನಲ್ಲಿ ಸರಿಹೋಗುತ್ತೆ.

ಚಾಲಕ: ಅದು ಸರ್ಕಾರದ ಕೆಲಸ ಅನ್ನುತ್ತಾರೆ ಜನ. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಅಲ್ಲಿಗೆ ಎಲ್ಲರೂ ಗಮನ ಕೊಡುತ್ತಾರೆ. ಹಾರನಹಳ್ಳಿಗೆ ಯಾರು ಕೊಡುತ್ತಾರೆ?

ಮೇಷ್ಟ್ರು: ನನಗೆ ಸಂಕಟವಾಗುವುದು ಅಲ್ಲೇ. 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಅಂತ ಮೂವರು ಅಣ್ಣತಮ್ಮಂದಿರು ಸೇರಿ ಈ ಊರಿನಲ್ಲಿ ಗುಡಿ ಕಟ್ಟಿಸಿದರು. ಲಕ್ಷ್ಮೀನರಸಿಂಹ ಒಂದು ಕಡೆ, ಸೋಮೇಶ್ವರ ಇನ್ನೊಂದು ಕಡೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ರಾಜಧಾನಿಯಲ್ಲಿ ಅಲ್ಲ, ದಂಡನಾಯಕನ ಹೆಸರಿನಲ್ಲೂ ಅಲ್ಲ. ತಮ್ಮ ಊರು ದಾರಿಹೋಕರ ಕಣ್ಣಿಗೆ ಕಾಣುವ ಊರಾಗಲಿ ಅಂತ ಮಾಡಿದ ಕೆಲಸ ಅದು ಅಂತ ನನಗೆ ಅನ್ನಿಸುತ್ತೆ. ಒಂದು ಕಾಲಕ್ಕೆ ಹಾರನಹಳ್ಳಿಯೇ ತಾಲ್ಲೂಕಿನ ಕೇಂದ್ರವಾಗಿತ್ತು. ಕಚೇರಿ ಅರಸೀಕೆರೆಗೆ ಹೋಯಿತು, ರೈಲೂ ಅಲ್ಲಿಗೇ ಬಂತು, ಊರು ನಕ್ಷೆಯಲ್ಲಿ ಸಣ್ಣಕ್ಷರಕ್ಕೆ ಇಳಿಯಿತು. ಸರ್ಕಾರ ಮಾಡಬೇಕಾದದ್ದು ಮಾಡಲೇಬೇಕು. ಹೆದ್ದಾರಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದೇ ಕಾಗುಣಿತದ ಫಲಕ ಹಾಕಿಸಲೇಬೇಕು. ಆದರೆ ಎಲ್ಲದಕ್ಕೂ ಅದನ್ನೇ ಕಾಯಬೇಕಾಗಿಲ್ಲ. ಗೂಗಲ್ ನಕ್ಷೆಯಲ್ಲಿ ತಪ್ಪು ಹೆಸರು, ತಪ್ಪು ಗುರುತು ಕಂಡರೆ ತಿದ್ದುಪಡಿ ಸೂಚಿಸುವುದಕ್ಕೆ ಯಾರಿಗೂ ಅವಕಾಶವಿದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಸ್ವತಃ ಕೈಯಿಟ್ಟೇ ತಿದ್ದಬಹುದು. ಎರಡು ಗುಡಿಗಳ ಬಾಗಿಲು ಯಾವ ಬೀದಿಗೆ ತೆರೆಯುತ್ತೆ, ಟೆಂಪೋ ಟ್ರಾವೆಲರ್ ಎಲ್ಲಿಯವರೆಗೆ ಹೋಗುತ್ತೆ, ಎಲ್ಲಿ ತಿರುಗಿಸಬಹುದು, ಯಾವ ಅಡ್ಡರಸ್ತೆ ಮಳೆಗಾಲದಲ್ಲಿ ಕಾರಿಗೆ ಆಗುವುದಿಲ್ಲ, ಇವು ಬೆಂಗಳೂರಿನಲ್ಲಿ ಕೂತು ನಕ್ಷೆ ಬರೆಯುವವರಿಗೆ ತಿಳಿಯುವುದಿಲ್ಲ. ನಿಮ್ಮ ಸ್ಟ್ಯಾಂಡಿನ ಚಾಲಕರಿಗೆ ತಿಳಿದಿದೆ. ಮಾರಾಟಕ್ಕಿರುವ ಯಾವ ಡಬ್ಬಿಯೊಳಗೂ ಇಲ್ಲದ ಸಾಮಾನು ಅದು.

ಆ ಒಂಬತ್ತು ಸಾವಿರ ನಿನ್ನ ಹತ್ತಿರವೇ ಇರಲಿ. ಗಾಡಿಯ ಟೈರಿಗೆ ಹಾಕು, ಮಕ್ಕಳ ಫೀಸಿಗೆ ಇಡು. ಬರುವ ಭಾನುವಾರ ನೀವು ನಾಲ್ಕು ಜನ ಬಿಡುವು ಮಾಡಿಕೊಂಡು ಹಾರನಹಳ್ಳಿಗೆ ಬನ್ನಿ. ಎರಡು ಗುಡಿಗೂ ಬಾಗಿಲ ಹತ್ತಿರವೇ ಗುರುತು ಹಾಕಿ, ಹಾರನಹಳ್ಳಿ ಅಂತ ದೀರ್ಘ ಕೊಟ್ಟು ಕನ್ನಡದಲ್ಲಿ ಹೆಸರು ಬರೆಯಿರಿ, ಪಕ್ಕದಲ್ಲಿ ಅರಸೀಕೆರೆ ತಾಲ್ಲೂಕು ಅಂತಲೂ ಸೇರಿಸಿ. ಹೆದ್ದಾರಿಯ ಫಲಕಕ್ಕೆ ಗ್ರಾಮ ಪಂಚಾಯಿತಿಗೂ ಪ್ರವಾಸೋದ್ಯಮ ಇಲಾಖೆಗೂ ಅರ್ಜಿ ನಾನು ಬರೆದುಕೊಡುತ್ತೇನೆ. ರುಜು ಮಾತ್ರ ಸ್ಟ್ಯಾಂಡಿನವರೆಲ್ಲರದೂ ಇರಬೇಕು.